ಸಾರಿಸಿದ ನೆಲ

ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಲಗಾಲು ಒಳಗಿಟ್ಟೆ. ವಿದರ್ಭದ ಬಿಸಿಲಿಗೆ ಕಣ್ಣು ಕತ್ತಲಿಟ್ಟು ಒಳಗೆ ಏನೂ ಕಾಣುತ್ತಿರಲಿಲ್ಲ. ಆದರೆ ಅಂಗಾಲಿಗೆ ಗುರುತು ಸಿಕ್ಕಿತು. ಗ್ರಾನೈಟು, ಟೈಲ್ಸುಗಳ ಮೈ ಜುಮ್ಮೆನ್ನಿಸುವ ತಂಪಲ್ಲ ಅದು. ಕಾಲಿಟ್ಟಷ್ಟು ಜಾಗ ನಿಧಾನವಾಗಿ ನಮ್ಮ ಮೈಬಿಸಿಯನ್ನೇ ಪಡೆದುಕೊಂಡು ಹಿತವಾಗುವ ತಂಪು. ತುಸು ಒರಟು, ತುಸು ಮೆತ್ತಗೆ. ಮೂವತ್ತು ವರ್ಷಗಳಿಂದ ನನ್ನ ಕಾಲು ತುಳಿಯದ ನೆಲ. ‘ಅವ್ವ ಸಾರಿಸ್ಯಾಳ’ ಅಂತ ಮನಸ್ಸು ಅಂದುಬಿಟ್ಟಿತು. ಆಮೇಲೆ ನೆನಪಾದದ್ದು, ನಾನು ನಿಂತಿರುವುದು ಸೇವಾಗ್ರಾಮದ ಬಾಪು ಕುಟಿಯಲ್ಲಿ, ಗಾಂಧಿಯ ಮನೆಯಲ್ಲಿ.

ನಾನು ಗಾಂಧಿವಾದಿಯಲ್ಲ. ಖಾದಿ ಉಡುತ್ತೇನೆ, ಅದೂ ಬೇಸಿಗೆಯಲ್ಲಿ, ರಿಬೇಟ್ ಇದ್ದಾಗ ಕೊಂಡದ್ದು. ವಾರ್ಧಾಕ್ಕೆ ಬೇರೆ ಕೆಲಸಕ್ಕೆ ಹೋದವನು ಅರ್ಧ ದಿನ ಬಿಡುವಿತ್ತೆಂದು ಎಂಟು ಕಿಲೋಮೀಟರ್ ಆಚೆಯ ಆಶ್ರಮಕ್ಕೆ ಆಟೋ ಹಿಡಿದೆ. ದೀಪಾವಳಿ ಕಳೆದು ವಾರವಾಗಿತ್ತು. ಅರ್ಧ ದಿನ ಎಂದುಕೊಂಡದ್ದು ಎರಡು ದಿನವಾಯಿತು.

ಗಾಂಧಿ ಇಲ್ಲಿಗೆ ಬಂದ ಕಥೆಯನ್ನು ಅಲ್ಲಿಯ ಫಲಕಗಳು ಚುಟುಕಾಗಿ ಹೇಳುತ್ತವೆ. 1930ರ ಮಾರ್ಚ್ 12ರಂದು ದಾಂಡಿಗೆ ಹೊರಟಾಗ, ಸ್ವರಾಜ್ಯ ಸಿಗದೆ ಸಾಬರಮತಿಗೆ ಮರಳುವುದಿಲ್ಲ ಎಂದು ಪಣ ತೊಟ್ಟರು. ಆ ಪಯಣಿಗರ ಸಾಲಿನಲ್ಲಿ ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಹುಡುಗನೂ ಇದ್ದ, ಮೈಲಾರ ಮಹಾದೇವ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹದಿಮೂರು ವರ್ಷದ ಮೇಲೆ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ಹೊಸರಿತ್ತಿ ನಮ್ಮೂರಿನಂತೆಯೇ ವರದಾ ನದಿಯ ಸೀಮೆ. ಚಿಕ್ಕಂದಿನಲ್ಲಿ ಆ ಹೆಸರು ಹೇಳಿದರೆ ಹಿರಿಯರು ಅರೆಗಳಿಗೆ ಸುಮ್ಮನಾಗುತ್ತಿದ್ದರು. ಸಾಬರಮತಿಗೆ ಹಿಂದಿರುಗದ ಗಾಂಧಿಯನ್ನು ಉದ್ಯಮಿ ಜಮನಾಲಾಲ್ ಬಜಾಜ್ ವಾರ್ಧಾಕ್ಕೆ ಕರೆತಂದರು. ಅಲ್ಲಿಂದ 1936ರ ಏಪ್ರಿಲ್ 30ರಂದು ಗಾಂಧಿ ಸೇಗಾಂವ್ ಎಂಬ ಹಳ್ಳಿಗೆ ನಡೆದು ಬಂದರು. ರಸ್ತೆಯಿಲ್ಲ, ಅಂಚೆಯಿಲ್ಲ, ಮಲೇರಿಯಾ ಮಾತ್ರ ಧಾರಾಳ. ವಿದರ್ಭದಲ್ಲೇ ಶೇಗಾಂವ್ ಎಂಬ ದೊಡ್ಡ ಊರಿದ್ದು ಕಾಗದಗಳೆಲ್ಲ ಅದಲು ಬದಲಾಗುತ್ತಿದ್ದವೆಂದು 1940ರಲ್ಲಿ ಸೇಗಾಂವ್ ಸೇವಾಗ್ರಾಮವಾಯಿತು. ಇಂಥ ದೊಡ್ಡ ಹೆಸರು ಅಂಚೆಯವನ ಪೇಚಾಟದಿಂದ ಹುಟ್ಟಿತು ಎಂಬುದು ನನಗೆ ಇಷ್ಟವಾದ ಸಂಗತಿ.

ಕನ್ನಡಿಗರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಸೇಗಾಂವ್‌ನಲ್ಲಿ ಮೊದಲ ಮನೆಯ ಕೆಲಸ ನಡೆಯುತ್ತಿದ್ದ ಆ ಮೇ ತಿಂಗಳಲ್ಲಿ ಗಾಂಧಿ ನಮ್ಮ ನಂದಿಬೆಟ್ಟದ ಮೇಲಿದ್ದರು, ವಲ್ಲಭಭಾಯಿ ಪಟೇಲರ ಜೊತೆಗೆ, ಆರೋಗ್ಯಕ್ಕಾಗಿ. ಇತ್ತ ಸೇಗಾಂವ್‌ನಲ್ಲಿ ಗಾಂಧಿಯ ಶಿಷ್ಯೆ ಮೀರಾಬೆನ್ ಹಳ್ಳಿಯವರೊಂದಿಗೆ ನಿಂತು ಮಣ್ಣು ಕಲೆಸಿ ಗೋಡೆ ಏಳಿಸುತ್ತಿದ್ದರು. ಜೂನ್ ನಡುವೆ, ಮಳೆ ಹಿಡಿದ ಮೇಲೆ, ಗಾಂಧಿ ಹಿಂದಿರುಗಿದರು. ಬ್ರಿಟಿಷ್ ನೌಕಾಸೇನೆಯ ಅಡ್ಮಿರಲ್ ಒಬ್ಬರ ಮಗಳಾದ ಆಕೆ ವಿದರ್ಭದ ಮಣ್ಣನ್ನು ಕಾಲಲ್ಲಿ ತುಳಿದು ಹದ ಮಾಡಿದ್ದಳು ಎಂಬುದನ್ನು ಊಹಿಸಿಕೊಳ್ಳುತ್ತ ನಾನು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಆ ಮೊದಲ ಮನೆಯೇ ಆದಿ ನಿವಾಸ. ಒಂದೇ ದೊಡ್ಡ ಕೋಣೆ. ಗಾಂಧಿ, ಕಸ್ತೂರಬಾ, ಕಾರ್ಯದರ್ಶಿ, ರೋಗಿಗಳು, ಬಂದ ಅತಿಥಿಗಳು ಎಲ್ಲರೂ ಅದೇ ಕೋಣೆಯ ಒಂದೊಂದು ಮೂಲೆ ಹಿಡಿದು ಇರುತ್ತಿದ್ದರು. ಗಡಿನಾಡಿನ ಖಾನ್ ಅಬ್ದುಲ್ ಗಫಾರ್ ಖಾನ್ ಕೂಡ. ದೇಶಕ್ಕೆಲ್ಲ ಬಾಗಿಲು ತೆರೆದಿಟ್ಟ ಗಂಡನ ಮನೆಯಲ್ಲಿ ಹೆಂಡತಿಗೆ ಸೀರೆ ಬದಲಿಸಲು ಮರೆಯಿರಲಿಲ್ಲ. ಅದನ್ನು ಕಂಡು ಜಮನಾಲಾಲರೇ ಪಕ್ಕದಲ್ಲಿ ಪುಟ್ಟದೊಂದು ಗುಡಿಸಲು ಕಟ್ಟಿಸಿದರು. ಬಾ ಕುಟಿ. ಒಂದು ಕೋಣೆ, ಒಂದು ಜಗುಲಿ, ಒಂದು ಬಚ್ಚಲು. ಪ್ರವಾಸಿಗರು ಅದನ್ನು ಎರಡು ನಿಮಿಷದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ನನಗೆ ಇಡೀ ಆವರಣದಲ್ಲಿ ಅತ್ಯಂತ ಮನೆಯಂತೆ ಕಂಡದ್ದು ಅದೇ. 1942ರ ಆಗಸ್ಟ್‌ನಲ್ಲಿ ಮುಂಬಯಿಗೆ ಹೋದ ಬಾ ಆ ಕೋಣೆಗೆ ಮರಳಲಿಲ್ಲ. 1944ರ ಫೆಬ್ರುವರಿ 22ರಂದು ಪುಣೆಯ ಆಗಾ ಖಾನ್ ಅರಮನೆಯಲ್ಲಿ, ಸೆರೆಯಾಳಾಗಿ, ತೀರಿಕೊಂಡರು. ಮಣ್ಣಿನ ಗುಡಿಸಲಿನಿಂದ ಹೊರಟು ಅರಮನೆಯಲ್ಲಿ ಪ್ರಾಣ ಬಿಟ್ಟ ಆ ಹೆಂಗಸಿಗೆ ಯಾವ ನೆಲ ಹಿತವಾಗಿತ್ತೋ ಯಾರೂ ಕೇಳಿರಲಿಕ್ಕಿಲ್ಲ.

ಬಾಪು ಕುಟಿ ಮೂಲತಃ ಮೀರಾಬೆನ್ನಳ ಗುಡಿಸಲು. ಆಕೆ ಬಿಟ್ಟುಕೊಟ್ಟ ಮೇಲೆ ಗಾಂಧಿಯದಾಯಿತು. ಮಣ್ಣಿನ ಗೋಡೆ, ಬಿದಿರು, ಕಟ್ಟಿಗೆಯ ಕಂಬ, ಮೇಲೆ ನಾಡಹಂಚು. ಖರ್ಚು ನೂರು ರೂಪಾಯಿ ಮೀರಬಾರದು, ಸಾಮಗ್ರಿಯೂ ಕೆಲಸಗಾರರೂ ಸುತ್ತಲಿನವರೇ ಆಗಿರಬೇಕು ಎಂಬ ಕರಾರು ಗಾಂಧಿಯದಾಗಿತ್ತು ಎಂದು ಆಶ್ರಮದವರು ಹೇಳುತ್ತಾರೆ. ಗಾಂಧಿ ಕೂರುತ್ತಿದ್ದ ಚಾಪೆ, ಒರಗುದಿಂಬು, ಮೊಣಕಾಲೆತ್ತರದ ಮೇಜು ಹಾಗೇ ಇವೆ. ಗೋಡೆಯ ಮೇಲೆ ಮೀರಾಬೆನ್ ಮಣ್ಣಿನಲ್ಲೇ ಉಬ್ಬಿಸಿ ಮಾಡಿದ ತಾಳೆಮರಗಳು, ಓಂಕಾರ, ಚರಕ. ಎಲ್ಲ ಗೋಡೆಯ ಬಣ್ಣದವೇ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಹೋದವರಿಗೆ ಅವು ಕಾಣುವುದೇ ಇಲ್ಲ.

ಪಕ್ಕದ ಕಚೇರಿಯಲ್ಲಿ ವೈಸರಾಯ್ ಲಿನ್‌ಲಿಥ್‌ಗೋ ಹಾಕಿಸಿದ ಟೆಲಿಫೋನ್ ಇದೆ. ಗಾಂಧಿ ಎಲ್ಲೋ ಕಾಡಿನಂಥ ಹಳ್ಳಿಯಲ್ಲಿ ಕೂತುಬಿಟ್ಟರೆ ಮಾತಾಡುವುದು ಹೇಗೆಂದು ಸಾಮ್ರಾಜ್ಯವೇ ತಂತಿ ಎಳೆಸಿತು. ಅದರ ಹತ್ತಿರವೇ ಹಾವು ಹಿಡಿಯುವ ಉದ್ದನೆಯ ಮರದ ಇಕ್ಕಳ, ಹಿಡಿದ ಹಾವನ್ನು ಇಡುವ ಪೆಟ್ಟಿಗೆ. ಹಿಡಿದು ದೂರ ಒಯ್ದು ಬಿಡುತ್ತಿದ್ದರಂತೆ. ಟೆಲಿಫೋನಿನ ಮುಂದೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಮಕ್ಕಳು ಮಾತ್ರ ಹಾವಿನ ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ. ನನ್ನ ಮತ ಮಕ್ಕಳ ಕಡೆ.

ಆಶ್ರಮದಲ್ಲಿದ್ದ ಗಾಂಧಿಯ ಕನ್ನಡಕ ಕಳುವಾಗಿದೆಯೆಂಬ ಸುದ್ದಿ 2011ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ದೇಶವೆಲ್ಲ ಗದ್ದಲ. ಕನ್ನಡಕ ಕಳುವಾದರೆ ಕಳುವಾಯಿತೆಂದು ಗೊತ್ತಾಗುತ್ತದೆ, ಪೊಲೀಸರು ಬರುತ್ತಾರೆ. ಕಾಲ ಕೆಳಗಿನ ನೆಲವೂ ದಿನದಿನಕ್ಕೆ ನಮ್ಮಿಂದ ಕಳುವಾಗುತ್ತಿದೆ. ಅದಕ್ಕೆ ಯಾವ ಠಾಣೆಯಲ್ಲೂ ದೂರಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೇ ಹೋದೆ. ಒಂದು ಕುಟಿಯ ಜಗುಲಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಕಚ್ಚೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲ ಸಾರಿಸುತ್ತಿದ್ದಳು. ಪಕ್ಕದಲ್ಲಿ ಬಕೆಟ್ಟು. ಬಲಗೈ ದೂರ ಚಾಚಿ, ಅಂಗೈಯನ್ನು ಬಿಲ್ಲಿನಂತೆ ತನ್ನತ್ತ ಬಾಗಿಸಿ ತಂದು, ಅಲ್ಲಿಂದ ಒಂದು ಗೇಣು ಸರಿದು ಮತ್ತೆ ಅದೇ. ನಾನು ನಿಂತು ನೋಡುತ್ತಿದ್ದುದು ಅವಳಿಗೆ ವಿಚಿತ್ರವೆನಿಸಿರಬೇಕು. ಹರಕು ಮರಾಠಿಯಲ್ಲಿ, ಇದನ್ನು ಏನಂತೀರಿ ಎಂದೆ. ‘ಸಾರವಣ’ ಅಂದಳು. ನಾವು ಸಾರಿಸೂದು ಅಂತೀವಿ ಎಂದೆ. ಕೈ ನಿಲ್ಲಿಸದೆ ನಕ್ಕಳು.

ಮಾತು ಬೆಳೆಯಿತು. ಸೆಗಣಿಯೇ ಸಿಗುವುದು ಕಷ್ಟವಂತೆ. ಹಳ್ಳಿಯಲ್ಲಿ ಎತ್ತುಗಳಿದ್ದ ಮನೆಗಳಿಗೆಲ್ಲ ಟ್ರ್ಯಾಕ್ಟರು ಬಂದಿವೆ. ಇದ್ದ ದನವೂ ಬಯಲು ಮೇಯುವುದಿಲ್ಲ, ಚೀಲದ ಹಿಂಡಿ ತಿಂದ ದನದ ಸೆಗಣಿಗೆ ಹಿಡಿತವಿಲ್ಲ ಎಂಬುದು ಅವಳ ತಕರಾರು. ಸೊಸೆಗೆ ಕಲಿಸಿದ್ದೀರಾ ಎಂದರೆ ಮತ್ತೆ ನಕ್ಕಳು. ‘ನನ್ನ ಮನೆಗೇ ಟೈಲ್ಸ್ ಹಾಕಿಸಿದ್ದೇವೆ, ಕಲಿತು ಎಲ್ಲಿ ಸಾರಿಸಬೇಕು?’

ಇದರಲ್ಲಿ ವ್ಯಂಗ್ಯ ಹುಡುಕುವ ಹಕ್ಕು ನನಗಂತೂ ಇಲ್ಲ. ಧಾರವಾಡದ ನನ್ನ ಮನೆಯಲ್ಲಿರುವುದು ವಿಟ್ರಿಫೈಡ್ ಟೈಲ್ಸು, ಎರಡಡಿಗೆ ಎರಡಡಿ.

ಅಷ್ಟರಲ್ಲಿ ಶಾಲೆಯ ಹುಡುಗರ ಹಿಂಡು ಬಂತು. ಒಬ್ಬ ಓಡಿಬಂದು ಹಸಿ ನೆಲದ ಮೇಲೆ ಒಂದು ಪೂರಾ ಹೆಜ್ಜೆ ಊರಿಬಿಟ್ಟ. ಹೆಂಗಸು ಬೈದಳು. ಮರಾಠಿಯ ಒಂದು ಮಾತೂ ನನಗೆ ಸರಿಯಾಗಿ ತಿಳಿಯಲಿಲ್ಲ, ರಾಗ ಮಾತ್ರ ಚೆನ್ನಾಗಿ ಗೊತ್ತಿತ್ತು. ‘ಕಣ್ಣು ಹಣ್ಯಾಗದಾವೋ ನೆತ್ತಿಮ್ಯಾಲದಾವೋ’ ಎಂದು ನನ್ನವ್ವ ಬಯ್ಯುತ್ತಿದ್ದ ಅದೇ ಏರಿಳಿತ. ಬೈಯುತ್ತಲೇ ಕೈಯನ್ನೊಮ್ಮೆ ಎಳೆದಳು. ಐದು ಬೆರಳು, ಹಿಮ್ಮಡಿ, ಎಲ್ಲ ಮಾಯ.

ಹಾನಗಲ್ ತಾಲೂಕಿನ ನಮ್ಮ ಮನೆ ಅರೆಮಲೆನಾಡಿನ ಮಾದರಿಯದು. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ನಾಡಹಂಚಿನ ಮಾಡು, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದಕ್ಕೆ ಹೊಂದಿ ದನದ ಕೊಟ್ಟಿಗೆ. ನೆಲವೆಂದರೆ ಒಂದು ದಿನದ ಕೆಲಸವಾಗಿರಲಿಲ್ಲ. ಹೊಸ ನೆಲ ಮಾಡಬೇಕೆಂದರೆ ಕೆಂಪು ಮಣ್ಣು ಹಾಸಿ, ನೀರು ಚಿಮುಕಿಸಿ, ಅರೆಒಣಗಿದಾಗ ಕೊಡತಿಯಿಂದ ಬಡಿಯಬೇಕು. ಮರದ ಕೊಡತಿಯ ಆ ದಪ್ ದಪ್ ಸದ್ದು ನಾಲ್ಕೈದು ದಿನ ಓಣಿಗೆಲ್ಲ ಕೇಳುತ್ತಿತ್ತು. ಬಿರುಕು ಬಿಟ್ಟಲ್ಲಿ ಮತ್ತೆ ನೀರು, ಮತ್ತೆ ಬಡಿತ. ಒಣಗಿದ ಮೇಲೆ ಸೆಗಣಿ.

ಸೆಗಣಿಗೂ ಕಾಯಿದೆಗಳಿದ್ದವು. ಆಕಳದ್ದೇ ಆಗಬೇಕು, ಎಮ್ಮೆಯದು ಬೆರಣಿಗೆ. ಅಂದಿನದೇ ಆಗಬೇಕು. ಅದರಲ್ಲಿನ ಹುಲ್ಲಿನ ಎಳೆಗಳನ್ನು ಬೆರಳಾಡಿಸಿ ತೆಗೆಯಬೇಕು. ನೀರು ಹೆಚ್ಚಾದರೆ ನೆಲಕ್ಕೆ ಹತ್ತುವುದಿಲ್ಲ, ಕಡಿಮೆಯಾದರೆ ಒಣಗಿ ಹಕ್ಕಳೆ ಏಳುತ್ತದೆ. ಮಜ್ಜಿಗೆಗಿಂತ ಗಟ್ಟಿ, ಅಂಬಲಿಗಿಂತ ತೆಳು ಎಂದು ಅಜ್ಜಿ ಹೇಳುತ್ತಿದ್ದಳು. ಆದರೆ ಅವಳ ಮಜ್ಜಿಗೆ ಎಷ್ಟು ಗಟ್ಟಿ ಎಂಬುದು ಗೊತ್ತಿದ್ದವರಿಗೆ ಮಾತ್ರ ಆ ಲೆಕ್ಕ. ಒಳಗಿನ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಿಂದಕ್ಕೆ ಸರಿಯುತ್ತ ಬರಬೇಕು. ಒಂದು ಬಿಲ್ಲಿನ ಅಂಚು ಇನ್ನೊಂದರ ಮೇಲೆ ತುಸುವೇ ಏರಬೇಕು. ಒಣಗಿದ ಮೇಲೆ ನೆಲದ ತುಂಬ ಮೀನಿನ ಹುರುಪೆಯಂಥ ಕಮಾನುಗಳು. ಕಮಾನು ನೋಡಿ ಯಾರು ಸಾರಿಸಿದ್ದೆಂದು ಹೇಳಬಹುದಿತ್ತು. ಅಜ್ಜಿಯದು ಅಗಲ, ಅವ್ವನದು ಚಿಕ್ಕದು ಮತ್ತು ಅವಸರದ್ದು. ಅತ್ತೆಯೊಬ್ಬಳು ಎಡಚಿ, ಅವಳ ಕಮಾನುಗಳು ಉಲ್ಟಾ. ತವರಿಗೆ ಬಂದಾಗ ಅಡಿಗೆಮನೆ ಸಾರಿಸಿ ಹೋದಳೆಂದರೆ ಮುಂದಿನ ಸಾರಣೆಯವರೆಗೆ ಅವಳು ಅಲ್ಲೇ ಇದ್ದಂತೆ ನಮಗೆ.

ದೀಪಾವಳಿಗೆ, ಯುಗಾದಿಗೆ ಕರಿ ನೆಲ. ತೆಂಗಿನ ಚಿಪ್ಪು ಸುಟ್ಟು ನುಣ್ಣಗೆ ಅರೆದ ಮಸಿಯನ್ನು ಸೆಗಣಿಗೆ ಬೆರೆಸುವುದು. ನಮ್ಮ ಕಾಲಕ್ಕೆ ಅದಕ್ಕೂ ಸುಲಭದ ಹಾದಿ ಬಂದಿತ್ತು, ಮುಗಿದ ಟಾರ್ಚಿನ ಸೆಲ್ಲು. ಅದನ್ನು ಕಲ್ಲಿಂದ ಜಜ್ಜಿ ಒಳಗಿನ ಕಪ್ಪು ಹಿಟ್ಟು ತೆಗೆಯುವ ಕೆಲಸ ಹುಡುಗರದು. ವಿಷವೆಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನುಣುಪು ಬೆಣಚುಕಲ್ಲಿನಿಂದ ತಿಕ್ಕಿದರೆ ನೆಲದಲ್ಲಿ ದೀಪದ ನೆರಳು ಕಾಣುವ ಹೊಳಪು. ಗೋಡೆಗೆ ಸುಣ್ಣ, ಕೆಳಗಂಚಿಗೆ ಕೆಮ್ಮಣ್ಣಿನ ಕಾರಣೆ. ಹಬ್ಬದ ಹಿಂದಿನ ರಾತ್ರಿ ಆ ಮನೆಯಲ್ಲಿ ಹುಟ್ಟುತ್ತಿದ್ದ ವಾಸನೆಯನ್ನು ಏನೆಂದು ಹೇಳಲಿ? ಸೆಗಣಿ ನಾರುತ್ತದೆ ಎನ್ನುವವರು ಒಣಗಿದ ನೆಲವನ್ನು ಮೂಸಿದವರಲ್ಲ. ಮೊದಲ ಮಳೆಗೂ ಬಣವೆಗೂ ನಡುವಿನ ಒಂದು ವಾಸನೆ ಅದು.

ನೆಲಕ್ಕೆ ಹೆಂಗಸರಾದರೆ ಮಾಡಿಗೆ ಗಂಡಸರು. ಮಿರಗದ ಮಳೆ ಹೂಡುವ ಮುಂಚೆ ಹಂಚು ತಿರುವುವವರು ಬರುತ್ತಿದ್ದರು. ನಾಡಹಂಚು ಮಂಗಳೂರು ಹಂಚಿನಂತೆ ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವುದಿಲ್ಲ, ಬರೀ ಒಂದರ ಮೇಲೊಂದು ಮಲಗಿರುತ್ತದೆ. ಮಂಗ, ಬೆಕ್ಕು, ಗಾಳಿ ವರ್ಷವಿಡೀ ಅದನ್ನು ಕದಲಿಸುತ್ತವೆ. ಹಾಗಾಗಿ ಪ್ರತಿ ವರ್ಷ ಇಡೀ ಮಾಡಿನ ಹಂಚನ್ನು ಕೈಯಾಡಿಸಿ, ಒಡೆದದ್ದನ್ನು ತೆಗೆದು, ಸಾಲು ಹಿಡಿಸಬೇಕು. ಬಿದಿರಿನ ಗಳು ಮುರಿಯದಂತೆ, ಮೈಭಾರವನ್ನೆಲ್ಲ ತೊಲೆಯ ಮೇಲೆ ಮಾತ್ರ ಬಿಟ್ಟು ನಡೆಯಬಲ್ಲ ಜನ. ನಮ್ಮೂರಲ್ಲಿ ಇಬ್ಬರಿದ್ದರು. ಒಬ್ಬ ತೀರಿಕೊಂಡ, ಇನ್ನೊಬ್ಬ ಗೋವೆಗೆ ಹೋಗಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿದ. ಬಾಪು ಕುಟಿಯ ಮಾಡಿನ ಅಡಿ ನಿಂತು ತಲೆಯೆತ್ತಿ ನೋಡಿದಾಗ ಮೊದಲು ಬಂದ ಯೋಚನೆ ಅದೇ. ಇಲ್ಲಿ ಹತ್ತುವವರು ಯಾರು? ಇನ್ನೆಷ್ಟು ಜನ ಉಳಿದಿದ್ದಾರೆ?

ಮಣ್ಣಿನ ಮನೆಯ ಗುಟ್ಟು ಇಷ್ಟೇ. ಅದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ವರ್ಷ ವರ್ಷ ಮತ್ತೆ ಕಟ್ಟುತ್ತಲೇ ಇರಬೇಕು. ಎರಡು ಮಳೆಗಾಲ ಕೈ ಬಿಟ್ಟರೆ ಸಾಕು, ಬಂದ ಮಣ್ಣಿಗೇ ಹಿಂದಿರುಗುತ್ತದೆ. ಈಗ ಬಾಪು ಕುಟಿಯ ನೆಲದ ಮೇಲೆ ಇರುವ ಸೆಗಣಿಯ ಪದರದಲ್ಲಿ ಗಾಂಧಿಯ ಕಾಲಿಗೆ ತಾಗಿದ ಒಂದು ಕಣವೂ ಇರಲಿಕ್ಕಿಲ್ಲ. ಆದರೂ ಇದು ಅದೇ ನೆಲ. ಸಾರಿಸಿದ ಕೈಗಳ ಸಾಲು ತುಂಡಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅದೇ ನೆಲ.

ನಮ್ಮ ಮನೆಯಲ್ಲಿ ಆ ಸಾಲು ತುಂಡಾದದ್ದು ತೊಂಬತ್ತರ ದಶಕದಲ್ಲಿ. ಅಣ್ಣನ ಮದುವೆಗೆ ಪಡಸಾಲೆಗೆ ಶಹಾಬಾದ್ ಕಲ್ಲು ಹಾಕಿಸೋಣ ಎಂಬ ಮಾತು ಎದ್ದಿತು. ನಾನು ಆಗಷ್ಟೇ ಕಾಲೇಜಿನಲ್ಲಿ ನಾಲ್ಕು ಪುಸ್ತಕ ಓದಿದ್ದೆ. ಮಣ್ಣಿನ ನೆಲ ಎಷ್ಟು ಆರೋಗ್ಯಕರ, ಎಷ್ಟು ದೇಶೀಯ ಎಂದು ಭಾಷಣ ಮಾಡಿದೆ. ಅವ್ವ ಕೇಳಿಸಿಕೊಂಡಳು. ‘ಹೌದಪ್ಪಾ, ಚೊಲೋ ಐತಿ. ನಾಳಿಂದ ನೀ ಸಾರಸು’ ಅಂದಳು. ಅಲ್ಲಿಗೆ ಭಾಷಣ ಮುಗಿಯಿತು. ವಾರಕ್ಕೆರಡು ಸಲ, ಹಬ್ಬಗಳಲ್ಲಿ ದಿನವೂ, ಬಸುರಿಯಾಗಿದ್ದಾಗಲೂ, ಬಾಣಂತಿತನ ಮುಗಿದ ಮರುದಿನವೂ ಮೊಣಕಾಲೂರಿ ಸಾರಿಸಿದ ಹೆಂಗಸು ಅವಳು. ಅವಳ ಎಡಮೊಣಕಾಲ ಚರ್ಮ ಗಟ್ಟಿಯಾಗಿ ಕಪ್ಪಾಗಿ ಆನೆಯ ಚರ್ಮದ ಹಾಗಿತ್ತು. ಕಲ್ಲು ಹಾಕಿಸಿದ ದಿನ ಅವಳು ಅತ್ತಳೆಂದು ಬರೆದರೆ ಈ ಲೇಖನ ಚೆಂದವಾಗುತ್ತಿತ್ತೇನೋ. ಅಳಲಿಲ್ಲ. ಕೊಡ ನೀರು ಸುರುವಿ, ಕಸಬರಿಗೆಯಿಂದ ತಳ್ಳಿ, ಐದು ನಿಮಿಷದಲ್ಲಿ ಮುಗಿಯಿತಲ್ಲ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ಆದ್ದರಿಂದ ನನ್ನ ಹಳಹಳಿಕೆಯಲ್ಲಿ ಒಂದು ಪಾಲು ಠಕ್ಕುತನವಿದೆ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೇಳಬೇಕು. ಕಳೆದುಹೋದದ್ದನ್ನು ನೆನೆಸಿ ಮರುಗುವವರು ಬಹುಪಾಲು ಅದಕ್ಕಾಗಿ ದುಡಿಯದವರು.

2019ರ ಆಗಸ್ಟ್ ಮಳೆ ಉಳಿದದ್ದನ್ನೂ ತೀರಿಸಿತು. ವರದೆ ಉಕ್ಕಿ ಹೊಲ, ಹಾದಿ ಒಂದಾದವು. ನಮ್ಮ ಕಡೆ ಓಣಿಗೆ ಹತ್ತರಂತೆ ಮಣ್ಣಿನ ಮನೆಗಳು ಕೂತವು. ಬೀಳುವಾಗ ಮಣ್ಣಿನ ಗೋಡೆ ದೊಡ್ಡ ಸದ್ದು ಮಾಡುವುದಿಲ್ಲ, ದಣಿದ ಎತ್ತು ಮಲಗಿದ ಹಾಗೆ ಕುಸಿಯುತ್ತದೆ. ಸರ್ಕಾರ ಎ, ಬಿ, ಸಿ ಎಂದು ವರ್ಗ ಮಾಡಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಒಳ್ಳೆಯ ಕೆಲಸವೇ. ಆದರೆ ಒಂದು ಗೋಡೆ ಎದ್ದರೆ ಸಾಕಾಗುತ್ತಿದ್ದ ಮನೆಗೂ ಜನ ಪೂರ್ತಿ ಬೀಳಲೆಂದು ಕಾದರು. ಗೋಡೆ ಏಳಿಸಬಲ್ಲವರು ಇರಲಿಲ್ಲ ಎಂಬುದೂ ನಿಜ. ನಮ್ಮ ಕೊಟ್ಟಿಗೆ ಮತ್ತು ಹಿತ್ತಲಿನ ಕೋಣೆ ಬಿದ್ದವು. ಅಲ್ಲೀಗ ಕಾಂಕ್ರೀಟಿನ ಎರಡು ಕೋಣೆಗಳಿವೆ. ಏಪ್ರಿಲ್‌ನಲ್ಲಿ ಅಲ್ಲಿ ಮಲಗಿದವನು ರಾತ್ರಿ ಎರಡಕ್ಕೆ ಎದ್ದು ಅಂಗಳಕ್ಕೆ ಬರುತ್ತಾನೆ.

ಸರ್ಕಾರದ ಕಡತದಲ್ಲಿ ಮನೆಗಳಿಗೆ ಪಕ್ಕಾ, ಕಚ್ಚಾ ಎಂಬ ಜಾತಿಗಳಿವೆ. ಮಣ್ಣಿನ ಗೋಡೆಯೆಂದರೆ ಕಚ್ಚಾ. 2016ರಲ್ಲಿ ಶುರುವಾದ ಗ್ರಾಮೀಣ ಆವಾಸ್ ಯೋಜನೆಯ ಗುರಿಯೇ ಕಚ್ಚಾ ಮನೆಗಳನ್ನು ಇಲ್ಲವಾಗಿಸುವುದು. ಆ ಲೆಕ್ಕಕ್ಕೆ ಬಾಪು ಕುಟಿ ಕೂಡ ಕಚ್ಚಾ ಮನೆ, ನೆಲಸಮ ಮಾಡಿ ಸಿಮೆಂಟಿನಲ್ಲಿ ಕಟ್ಟಿಕೊಡಲು ಅರ್ಹವಾದದ್ದು. ಅದು ಎಂಟೂವರೆ ದಶಕದ ಮೇಲೂ ನಿಂತಿದೆ ಎಂಬುದಕ್ಕೆ ಕಡತದಲ್ಲಿ ಕಾಲಂ ಇಲ್ಲ.

ಮಣ್ಣು ಬಡವರ ಕೈಬಿಟ್ಟು ಸಿರಿವಂತರ ಕೈ ಸೇರುತ್ತಿರುವುದು ಇನ್ನೊಂದು ತಮಾಷೆ. ಸುತ್ತಲ ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದ ಮನೆ ಕಟ್ಟಬೇಕೆಂಬ ಗಾಂಧಿಯ ಮಾತು ಲಾರಿ ಬೇಕರ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯ ತಲೆಯಲ್ಲಿ ಕೂತು, ಆತ ಕೇರಳದಲ್ಲಿ ದಶಕಗಳ ಕಾಲ ಅಗ್ಗದ, ಹಿತದ ಮನೆಗಳನ್ನು ಕಟ್ಟಿದ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮಣ್ಣಿನ ಇಟ್ಟಿಗೆಯನ್ನು ಒತ್ತಿ ಗಟ್ಟಿಗೊಳಿಸುವ ವಿದ್ಯೆಯ ಮೇಲೆ ದುಡಿಯಿತು. ಎಲ್ಲವೂ ಹಳ್ಳಿಯವರಿಗಾಗಿ. ಈಗ ಮಣ್ಣಿನ ಮನೆ ಕಟ್ಟಿಸುವವರು ಸಾಫ್ಟ್‌ವೇರ್ ಬಿಟ್ಟು ತೋಟ ಕೊಂಡವರು. ಸಕಲೇಶಪುರದ ಕಡೆ ರೆಸಾರ್ಟೊಂದರಲ್ಲಿ ಸೆಗಣಿ ಸಾರಿಸಿದ ಕೋಣೆಗೆ ಒಂದು ರಾತ್ರಿಗೆ ಹೇಳಿದ ಬಾಡಿಗೆ ಕೇಳಿ, ಅವ್ವನ ಜೀವಮಾನದ ಸಂಬಳ ಬಾಕಿ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

1978ರ ಜನವರಿಯಲ್ಲಿ ಚಿಂತಕ ಇವಾನ್ ಇಲಿಚ್ ಸೇವಾಗ್ರಾಮಕ್ಕೆ ಬಂದು, ಬೆಳಗಿನ ಹೊತ್ತು ಈ ಕುಟಿಯಲ್ಲಿ ಕೂತಿದ್ದು, ಆಮೇಲೆ ಒಂದು ಭಾಷಣ ಮಾಡಿದ. ಇದನ್ನು ಗುಡಿಸಲು ಎನ್ನುತ್ತೇನೆ, ಆದರೆ ನಿಜಕ್ಕೂ ಇದು ಮನೆ, ಸಾಮಾನು ಇಡುವ ಕಟ್ಟಡ ಬೇರೆ, ಮನೆ ಬೇರೆ ಎಂಬರ್ಥದ ಮಾತು ಆಡಿದ. ಯಂತ್ರ ಮುಟ್ಟದೆ ಕೈಯೇ ಮಾಡಿದ್ದು ಎಂದೂ ಗುರುತಿಸಿದ. ಒಳ್ಳೆಯ ಕಣ್ಣು. ಆದರೂ ಯಾರ ಕೈ, ಅದಕ್ಕೆಷ್ಟು ನೋವು ಎಂಬ ಪ್ರಶ್ನೆ ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಮಾತ್ರ ಏಳುತ್ತದೇನೋ.

ಅತ್ತ ಸಾಬರಮತಿಯಲ್ಲಿ ಸುಮಾರು 1,200 ಕೋಟಿ ರೂಪಾಯಿಯ ಯೋಜನೆ ನಡೆದಿದೆ. 5 ಎಕರೆಯ ಆವರಣ 55 ಎಕರೆಯಾಗುತ್ತದಂತೆ. ಗಾಂಧಿ ಬಿಟ್ಟು ಬಂದ ಆಶ್ರಮ ಅದು. ಸೇವಾಗ್ರಾಮದ ಮಣ್ಣಿಗೆ ಕೋಟಿಗಳು ಬೇಕಿಲ್ಲ. ಅದಕ್ಕೆ ಬೇಕಾದದ್ದು ಆಕಳು, ಹದವಾದ ಮಣ್ಣು, ಬಿದಿರು ಮತ್ತು ಬಲ್ಲ ಕೈಗಳು. ಕೋಟಿ ಹುಟ್ಟಿಸುವುದು ಇದಕ್ಕಿಂತ ಸುಲಭ.

ಸಂಜೆ ಗಾಂಧಿ ನೆಟ್ಟ ಅರಳಿಮರದ ಹತ್ತಿರ ಪ್ರಾರ್ಥನೆಗೆ ಕೂತೆ. ಹದಿನೈದು ಜನರಿದ್ದೆವು. ಕತ್ತಲಾಗುತ್ತಿದ್ದಂತೆ ಕುಟಿಗಳು ನೆಲದಿಂದಲೇ ಮೂಡಿದ ಹುತ್ತಗಳ ಹಾಗೆ ಕಾಣತೊಡಗಿದವು. ಗಾಂಧಿ 1946ರ ಆಗಸ್ಟ್‌ನಲ್ಲಿ ದೆಹಲಿಗೆಂದು ಹೊರಟವರು. ಅಲ್ಲಿಂದ ನೌಖಾಲಿ, ಬಿಹಾರ, ಕಲ್ಕತ್ತಾ. ಮತ್ತೆ ಈ ನೆಲ ತುಳಿಯಲಿಲ್ಲ. ಬರುತ್ತಾರೆಂದು ಆ ಒಂದೂವರೆ ವರ್ಷವೂ ಇಲ್ಲಿ ಯಾರೋ ಸಾರಿಸುತ್ತಲೇ ಇದ್ದಿರಬೇಕು. 1948ರ ಜನವರಿ 30ರ ಬೆಳಿಗ್ಗೆಯೂ.

ರಾತ್ರಿ ಅವ್ವನಿಗೆ ಫೋನು ಮಾಡಿದೆ. ಗಾಂಧಿ ಮನಿಯಾಗ ಇನ್ನೂ ಸಾರಸ್ತಾರ ಎಂದೆ. ಆಕಳ ಸೆಗಣಿಯೋ ಎಮ್ಮಿದೋ ಎಂದು ಕೇಳಿದಳು. ಕಮಾನು ಎಷ್ಟಗಲ ಇದ್ದವು ಎಂದು ಕೇಳಿದಳು. ಗೇಣಿಗಿಂತ ಜಾಸ್ತಿ ಎಂದೆ. ‘ಹಂಗಾರ ಕೈ ಚೊಲೋ ಐತಿ ಆಕೀದು’ ಅಂದಳು. ಮಸಿ ಎಷ್ಟು ಹಾಕಬೇಕು, ಸೆಗಣಿ ಎಷ್ಟು, ಬರೆದಿಟ್ಟುಕೊಳ್ಳುತ್ತೇನೆ ಹೇಳು ಎಂದೆ. ಸ್ವಲ್ಪ ಹೊತ್ತು ಯೋಚಿಸಿದಳು. ಬಾಯಿಗೆ ಬರವಲ್ದು, ಕೈಗೆ ಗೊತ್ತೈತಿ ಎಂದಳು.

ನಮ್ಮ ಮನೆಯಲ್ಲಿ ಈಗಲೂ ‘ಸಾರಿಸು’ ಎಂಬ ಮಾತಿದೆ. ಕೆಲಸದವಳು ಬಂದು ಫಿನೈಲು ಹಾಕಿದ ನೀರಿನಲ್ಲಿ ಕೋಲಿನ ಬಟ್ಟೆ ಅದ್ದಿ ಒರೆಸಿದರೂ ‘ಗುಡಿಸಿ ಸಾರಿಸಿ ಹೋದಳು’ ಎನ್ನುತ್ತೇವೆ. ಮಗಳಿಗೆ ಆ ಶಬ್ದಕ್ಕೆ ಅದೊಂದೇ ಅರ್ಥ.

ನಿಮ್ಮ ಮನೆಯಲ್ಲಿ, ಇಲ್ಲವೇ ಊರಲ್ಲಿ, ಸಾರಿಸಬಲ್ಲ ಕೈ ಇನ್ನೂ ಇದ್ದರೆ ಬರುವ ದೀಪಾವಳಿಗೆ ಪಕ್ಕದಲ್ಲಿ ಕುಳಿತು, ಒಂದು ಮೊಳದಷ್ಟು ನೆಲವನ್ನಾದರೂ ನಿಮ್ಮ ಕೈಯಿಂದಲೇ ಸಾರಿಸಿ ನೋಡಿ. ನಾನು ಕೇಳುವುದು ತಡವಾಯಿತು. ಅವ್ವನ ಮೊಣಕಾಲು ಈಗ ಮಡಚುವುದಿಲ್ಲ.